ನಡತೆಯ ಕಾಲಂ

ದಿನಾಂಕ ೩೦ ಮೇ ೨೦೨೫, ಶುಕ್ರವಾರ, ಮಧ್ಯಾಹ್ನ ಹನ್ನೆರಡು ಗಂಟೆ. ಮಳವಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯ ಸಭಾಂಗಣ. ನಾಳೆ ವಯೋನಿವೃತ್ತಿ ಹೊಂದುವ ಮುಖ್ಯ ಶಿಕ್ಷಕಿ ಶಮೀಮ್ ಬಾನು ಅವರಿಗೆ ಬೀಳ್ಕೊಡುಗೆ. ಸನ್ಮಾನಕ್ಕೆ ಅವರ ಉತ್ತರ.

ಈ ಸಭೆಯ ಅಧ್ಯಕ್ಷತೆ ವಹಿಸಿರುವ, ನಮ್ಮ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರಾದ ಶ್ರೀ ಶಿವರಾಜು ಅವರೇ, ಇಂಥ ಬಿಸಿಲಿನಲ್ಲಿ ದೂರದಿಂದ ಬಂದಿರುವ ಮುಖ್ಯ ಅತಿಥಿಗಳೇ, ನಾಳೆ ಮಧ್ಯಾಹ್ನ ನನ್ನಿಂದ ಅಧಿಕಾರವನ್ನೂ ಬೀಗದ ಕೈಯನ್ನೂ ಪಡೆಯಲಿರುವ ಶ್ರೀಮತಿ ರೂಪ ಅವರೇ, ಸಹೋದ್ಯೋಗಿಗಳೇ, ಹಳೆಯ ವಿದ್ಯಾರ್ಥಿಗಳೇ, ಜಮಖಾನದ ಮೇಲೆ ಕಾಲು ಜೋಮು ಹಿಡಿಸಿಕೊಂಡು ಕೂತಿರುವ ಮಕ್ಕಳೇ, ಮತ್ತು ಸಭಿಕರೇ,

ನನಗೆ ಕೊಟ್ಟಿರುವ ಸಮಯ ಹದಿನೈದು ನಿಮಿಷ. ಅಡುಗೆಮನೆಯಿಂದ ಬರುತ್ತಿರುವ ಸಾಂಬಾರಿನ ವಾಸನೆ ನೋಡಿದರೆ ಅದನ್ನು ಹತ್ತಕ್ಕೆ ಇಳಿಸುವುದು ಒಳ್ಳೆಯದು. ಪ್ರಯತ್ನಿಸುತ್ತೇನೆ.

ಈ ತಿಂಗಳು ನನಗೆ ಅರವತ್ತು ತುಂಬುತ್ತದೆ ಎಂದು ನಿರೂಪಕರು ಹೇಳಿದರು. ದಾಖಲೆ ಹಾಗೆ ಹೇಳುತ್ತದೆ. ನಮ್ಮ ತಾಯಿಯ ಪ್ರಕಾರ ನಾನು ಹುಟ್ಟಿದ್ದು ಕಬ್ಬು ಕಡಿಯುವ ಕಾಲದಲ್ಲಿ. ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ತಮಗೆ ಅನುಕೂಲವಾದ ತಾರೀಖು ಬರೆದುಕೊಂಡರು. ಈ ಸಭೆಯಲ್ಲಿರುವ ನನ್ನ ವಯಸ್ಸಿನವರಲ್ಲಿ ಅರ್ಧ ಜನ ಮೇ ತಿಂಗಳಲ್ಲೇ ಹುಟ್ಟಿದವರು. ನಗುತ್ತಿದ್ದೀರಿ. ಯಾರು ಯಾರು ಎಂದು ನನಗೆ ಗೊತ್ತಾಯಿತು.

ನನಗಿಂತ ಮೊದಲು ಐದು ಜನ ಮಾತಾಡಿದರು. ನಾಲ್ವರು ನನ್ನನ್ನು ‘ಕಟ್ಟುನಿಟ್ಟು’ ಎಂದರು. ದೈಹಿಕ ಶಿಕ್ಷಣದ ಸಂತೋಷ್ ಮೇಷ್ಟ್ರು ‘ನಿಷ್ಠುರ’ ಎಂದರು, ನನ್ನ ಕಡೆ ನೋಡಿ ‘ಒಳ್ಳೇ ಅರ್ಥದಲ್ಲಿ’ ಎಂದು ಸೇರಿಸಿದರು. ಸಂತೋಷ್ ಅವರೇ, ನನಗೆ ಬೇಸರವಿಲ್ಲ. ಐವರಲ್ಲಿ ಪದದ ಹತ್ತಿರ ಬಂದವರು ನೀವೊಬ್ಬರೇ. ಆದರೆ ಇನ್ನೂ ಸ್ವಲ್ಪ ದೂರದಲ್ಲಿದ್ದೀರಿ.

ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿದವಳಿಗೆ ಕೊನೆಯ ದಿನವೂ ಪದಗಳ ಬಗ್ಗೆ ಮಾತಾಡಲು ಬಿಡಿ. ಹೊರಗಿನ ಜಗುಲಿಯ ಗೋಡೆಯಲ್ಲಿರುವ ಆ ಸಣ್ಣ ಕಪ್ಪು ಹಲಗೆ ನಿಮಗೆಲ್ಲ ಗೊತ್ತು. ದಿನಕ್ಕೊಂದು ಇಂಗ್ಲಿಷ್ ಪದ, ಕೆಳಗೆ ಅದರ ಅರ್ಥ, ಅದರ ಕೆಳಗೆ ನಮ್ಮ ಕಡೆಯ ಒಂದು ಉದಾಹರಣೆ. ಪ್ರತಿದಿನ ಪ್ರಾರ್ಥನೆಗೆ ಮುಂಚೆ ಬಂದು ನಾನೇ ಬರೆಯುತ್ತಿದ್ದೆ. ಜೂನ್‌ನಲ್ಲಿ ಸುಲಭದ ಪದಗಳು. ನವೆಂಬರ್ ಹೊತ್ತಿಗೆ ಒಂದೇ ವಂಶದ ಪದಗಳನ್ನು ಸಾಲಾಗಿ ತರುತ್ತಿದ್ದೆ. ನನಗೆ ಬಹಳ ಇಷ್ಟದ ವಂಶ ಗಡಸುತನದ್ದು.

ಕಾರಣ ಇದೆ. ನಾನು ಓದುವುದು ಅನುವಾದದ ಕಾದಂಬರಿಗಳನ್ನು. ರಷ್ಯದವು, ಬಂಗಾಳದವು, ಮಲಯಾಳದವು, ಯಾವುದು ಕನ್ನಡಕ್ಕೆ ಬಂದರೂ ಸರಿ. ಅವುಗಳಲ್ಲಿ ಒಬ್ಬ ಜಮೀನ್ದಾರ ಬರುತ್ತಾನೆ, ಒಬ್ಬಳು ಅತ್ತೆ ಬರುತ್ತಾಳೆ, ಒಬ್ಬ ನ್ಯಾಯಾಧೀಶ ಬರುತ್ತಾನೆ. ಕನ್ನಡದಲ್ಲಿ ಮೂವರೂ ‘ಕಠೋರ’. ಮೂವರೂ ಬೇರೆ ಬೇರೆ ಎಂದು ಕಥೆ ಹೇಳುತ್ತಿರುತ್ತದೆ, ಪದ ಒಂದೇ ಇರುತ್ತದೆ. ಅನುವಾದ ಓದುವವರಿಗೆ ಪದದ ಹಿಂದೆ ಇನ್ನೊಂದು ಪದ ನಿಂತಿದೆ ಎಂಬ ಅನುಮಾನ ಅಂಟಿಕೊಳ್ಳುತ್ತದೆ. ನಾನು ಪೆನ್ಸಿಲ್ ಹಿಡಿದು ಓದುತ್ತೇನೆ. ಅಂಚಿನಲ್ಲಿ ಇದು ‘ಸ್ಟರ್ನ್’ ಇರಬೇಕು, ಇದು ಕರುಣೆಯೇ ಇಲ್ಲದ ‘ರೂತ್‌ಲೆಸ್’ ಇರಬೇಕು ಎಂದು ಗುರುತು ಹಾಕುತ್ತೇನೆ.

ಮಕ್ಕಳೇ, ಕೊನೆಯ ಪಾಠ ಎಂದುಕೊಳ್ಳಿ. ‘ಸ್ಟ್ರಿಕ್ಟ್’ ಎಂದರೆ ನಿಯಮ ಬಿಡದವರು, ನಿಯಮ ಮುಗಿದ ಮೇಲೆ ನಗಬಲ್ಲವರು. ‘ಸ್ಟರ್ನ್’ ಎಂದರೆ ನಗದವರು, ಆದರೆ ನೋಯಿಸದವರು. ‘ಸಿವಿಯರ್’ ಮನುಷ್ಯರಿಗಿಂತ ನಮ್ಮ ಏಪ್ರಿಲ್ ಬಿಸಿಲಿಗೆ ಸರಿ. ‘ಹಾರ್ಶ್’ ಎಂದರೆ ಕಿವಿಗೆ ತರಚುವುದು. ಇದಕ್ಕೆ ನಾನು ಪ್ರತಿ ವರ್ಷ ಕೊಡುತ್ತಿದ್ದ ಉದಾಹರಣೆ ಮಂಡ್ಯದ ಬಸ್ಸಿನದು. ಉತ್ತರ ಕರ್ನಾಟಕದಿಂದ ಹೊಸದಾಗಿ ಬಂದಿದ್ದ ಒಬ್ಬ ಅಧಿಕಾರಿಯ ಹೆಂಡತಿ ಬಾಗಿಲ ಹತ್ತಿರ ನಿಂತಿದ್ದರು. ಕಂಡಕ್ಟರ್, ‘ಒಳೀಕ್ ಓಗಮ್ಮೋ, ಬಾಗ್ಲಲ್ ನಿಂತ್ಕಂಡ್ ಸಾಯ್ತೀಯಾ?’ ಎಂದ. ಆಕೆ ಅತ್ತುಬಿಟ್ಟರು. ಅವನು ಗಾಬರಿಯಾಗಿ, ‘ಅಯ್ಯೋ, ನಾನೇನಂದೆ ಈಗ’ ಎಂದು ತನ್ನ ಸೀಟನ್ನೇ ಬಿಟ್ಟುಕೊಟ್ಟು ಮದ್ದೂರಿನವರೆಗೂ ನಿಂತೇ ಬಂದ. ನಮ್ಮ ಕಡೆಯ ಮಾತು ಹಾರ್ಶ್. ಮನಸ್ಸು ಹಾಗಲ್ಲ. ಕೂಗುತ್ತಾರೆ, ಬಿಟ್ಟುಬಿಡುತ್ತಾರೆ.

ನಾನು ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಕೂಗಿಲ್ಲ. ಇದನ್ನು ನನ್ನ ಗುಣ ಎಂದು ಇವತ್ತು ಇಬ್ಬರು ಹೊಗಳಿದರು.

ಸಾಲಿನ ಕೊನೆಯಲ್ಲಿ ಒಂದು ಪದ ಇದೆ. ‘ಇಂಪ್ಲ್ಯಾಕಬಲ್’. ಏನು ಮಾಡಿದರೂ ಸಮಾಧಾನವಾಗದವರು, ಏನು ಕೊಟ್ಟರೂ ಕ್ಷಮಿಸದವರು. ದನಿ ಏರಬೇಕಾಗಿಲ್ಲ, ಮುಖ ಗಂಟಿಕ್ಕಬೇಕಾಗಿಲ್ಲ. ಮೆಲ್ಲಗೆ ಮಾತಾಡುವವರೂ ಆಗಬಹುದು. ಈ ಪದಕ್ಕೆ ಮಾತ್ರ ಹಲಗೆಯಲ್ಲಿ ಉದಾಹರಣೆಯ ಜಾಗವನ್ನು ನಾನು ಖಾಲಿ ಬಿಡುತ್ತಿದ್ದೆ. ಹದಿನಾರು ವರ್ಷದಿಂದ ಬಿಟ್ಟಿದ್ದೇನೆ.

ಅಧ್ಯಕ್ಷರೇ, ಇಲ್ಲಿಂದ ಮುಂದೆ ನಾನು ಬರೆದುಕೊಂಡು ಬಂದ ಭಾಷಣದಲ್ಲಿ ನೀರಿನ ತೊಟ್ಟಿ, ಕಾಂಪೌಂಡು, ದಾನಿಗಳ ಹೆಸರು ಇವೆ. ಆ ಹಾಳೆಯನ್ನು ರೂಪ ಅವರಿಗೆ ಕೊಡುತ್ತೇನೆ, ವರದಿಯಲ್ಲಿ ಸೇರಿಸಲಿ. ಈಗ ನನ್ನ ಮೇಜಿನ ಮೇಲೆ ಒಂದು ಅರ್ಜಿ ಇದೆ. ನಾಳೆ ಮಧ್ಯಾಹ್ನ ಹನ್ನೆರಡರೊಳಗೆ ಅದಕ್ಕೆ ನಾನು ಉತ್ತರ ಕೊಡಬೇಕು. ಅದರ ಬಗ್ಗೆ ಹೇಳದೆ ಇಲ್ಲಿಂದ ಇಳಿದರೆ ಈ ಶಾಲನ್ನು ಹೊದೆಯಲು ನನಗೆ ಆಗುವುದಿಲ್ಲ.

ಅರ್ಜಿ ಬಂದದ್ದು ಸೋಮವಾರ, ಅಂಚೆಯಲ್ಲಿ. ಬರೆದವಳು ಎರಡು ಸಾವಿರದ ಒಂಬತ್ತರಲ್ಲಿ ಈ ಶಾಲೆಯಿಂದ ಹತ್ತನೆಯ ತರಗತಿ ಮುಗಿಸಿದವಳು. ಹೆಸರು ಬೇಡ. ಅವಳ ಊರಿನಲ್ಲಿ ಅಂಗನವಾಡಿ ಸಹಾಯಕಿಯ ಒಂದು ಹುದ್ದೆ ಖಾಲಿಯಾಗಿದೆ. ಊರಿನವರಿಗೇ ಸಿಗುವ ಹುದ್ದೆ. ಮೂವತ್ತೈದು ದಾಟಿದರೆ ಸಿಗುವುದಿಲ್ಲ. ಇವಳಿಗೆ ಮೂವತ್ತೆರಡು. ಇನ್ನೊಮ್ಮೆ ಖಾಲಿಯಾಗಲು ಎಷ್ಟು ವರ್ಷವೋ. ಕೊನೆಗೆ ಓದಿದ ಶಾಲೆಯ ವರ್ಗಾವಣೆ ಪತ್ರ ಬೇಕು, ಬರುವ ಮಂಗಳವಾರ ಕಡೆಯ ದಿನ. ತನ್ನ ಬಳಿಯಿದ್ದ ಟಿ.ಸಿ. ಹರಿದುಹೋಗಿದೆ, ಅದರ ಯಥಾಪ್ರತಿ ಕೊಡಬೇಕೆಂದು ನಾಲ್ಕು ಸಾಲಿನಲ್ಲಿ ಕೇಳಿದ್ದಾಳೆ.

ಟಿ.ಸಿ. ಪುಸ್ತಕದ ನಮ್ಮ ಭಾಗವನ್ನು ಗುಮಾಸ್ತ ಯತೀಶ್ ಹುಡುಕಿ ತಂದರು. ತಂದು, ಪುಟದ ಮೇಲೆ ಬೆರಳಿಟ್ಟರು.

‘ಮೇಡಂ, ನಡತೆ ಕಾಲಂನಲ್ಲಿ ಏನೋ ಬರ್ದವ್ರೆ. ಎಲ್ಲಾರ್ಗೂ ಗುಡ್ ಅಂತದೆ, ಇದೊಂದ್ಕೆ ಬ್ಯಾರೆ ಏನೋ ಅದೆ. ನಾನ್ ಗುಡ್ ಅಂತ್ಲೇ ಬರ್ದ್ ತತ್ತೀನಿ, ನೀವ್ ಸೈನ್ ಮಾಡ್ಬುಡಿ. ಯಾರ್ ನೋಡ್ತಾರೆ ಇದ್ನೆಲ್ಲ.’

ಯಥಾಪ್ರತಿ ಎಂದರೆ ಇದ್ದದ್ದು ಇದ್ದ ಹಾಗೆ ಎಂದೆ.

‘ಇದ್ದಂಗೇ ಕೊಟ್ರೆ ಆ ಯಮ್ಮುಂಗೆ ಕೆಲ್ಸ ಸಿಕ್ಕದಾ ಮೇಡಂ?’

ಯತೀಶ್, ನೀವು ಹಿಂದಿನ ಸಾಲಿನಲ್ಲಿ ಕೂತಿದ್ದೀರಿ. ಅದಕ್ಕೆ ಉತ್ತರ ಇವತ್ತು ಕೊಡುತ್ತಿದ್ದೇನೆ.

ಎರಡು ಸಾವಿರದ ಎಂಟರ ಅಕ್ಟೋಬರ್‌ನಲ್ಲಿ ಇಲ್ಲಿ ಒಬ್ಬ ಶಿಕ್ಷಕಿ ಇದ್ದರು ಎಂದು ಇಟ್ಟುಕೊಳ್ಳಿ. ಹತ್ತನೆಯ ತರಗತಿಗೆ ‘ನನ್ನ ಊರು’ ಎಂದು ಇಂಗ್ಲಿಷ್‌ನಲ್ಲಿ ಪ್ರಬಂಧ ಬರೆಯಲು ಹೇಳಿದರು. ಎಲ್ಲರೂ ಗೈಡಿನಲ್ಲಿದ್ದ ಊರನ್ನೇ ಬರೆದು ತಂದರು. ಎಲ್ಲರ ಊರಲ್ಲೂ ಒಂದೇ ನದಿ, ಒಂದೇ ಅಂಚೆಕಚೇರಿ. ಒಬ್ಬ ಹುಡುಗಿ ಮಾತ್ರ ತನ್ನ ಮನೆಯ ಮುದಿ ಕುರಿಯನ್ನು ಬರೆದಿದ್ದಳು. ನಮ್ಮ ಈ ಕುರಿ ಸ್ಟರ್ನ್, ಆದರೆ ಹಾರ್ಶ್ ಅಲ್ಲ, ಮರಿಗಳನ್ನು ಒಂದು ನೋಟದಿಂದಲೇ ಸಾಲಿಗೆ ತರುತ್ತದೆ ಎಂದು. ನಮ್ಮಪ್ಪ ಕುರಿಗಳ ಜೊತೆ ಸ್ಟ್ರಿಕ್ಟ್, ನನ್ನ ಜೊತೆ ಅಲ್ಲ ಎಂದು. ನಗುವಿರಿ, ನಗಬೇಕಾದದ್ದೇ. ಎರಡು ಪುಟ, ಎರಡೇ ತಪ್ಪು.

ಶಿಕ್ಷಕಿಗೆ ಇದು ಅವಳು ಬರೆದದ್ದಲ್ಲ ಎನಿಸಿತು. ಯಾರು ಬರೆದುಕೊಟ್ಟರು ಎಂದು ಕೇಳಿದರು. ‘ನಾನೇ ಬರ್ದೆ ಮಿಸ್’ ಎಂದಳು. ನಿಜ ಹೇಳುವವರೆಗೆ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಹೊರಗೆ ನಿಲ್ಲು ಎಂದರು. ಮೂರು ದಿನ ನಿಂತಳು. ಮೂರನೆಯ ದಿನ ಅವಳ ಪಕ್ಕ ಕೂರುವ ಹುಡುಗಿ ಒಂದು ನೋಟುಬುಕ್ ತಂದು ಶಿಕ್ಷಕಿಯ ಮೇಜಿನ ಮೇಲಿಟ್ಟಳು. ‘ಕೊಡ್ಬ್ಯಾಡ ಅಂದಿದ್ಲು ಮಿಸ್. ನಾನೇ ಅವ್ಳ್ ಬ್ಯಾಗಿಂದ ತಗಬಂದೆ.’ ಜಗುಲಿಯ ಹಲಗೆಯ ಮೇಲೆ ಎರಡೂವರೆ ವರ್ಷ ಬಂದ ಪ್ರತಿಯೊಂದು ಪದವೂ ತಾರೀಖು ಹಾಕಿ ಅದರಲ್ಲಿ ಇಳಿದಿತ್ತು. ಪ್ರಬಂಧದಲ್ಲಿದ್ದ ಒಂದೊಂದು ಪದಕ್ಕೂ ಅಲ್ಲಿ ಲೆಕ್ಕ ಸಿಗುತ್ತಿತ್ತು.

ತಾನೇ ಬರೆದ ಪದಗಳನ್ನು ಆ ಶಿಕ್ಷಕಿ ಗುರುತಿಸಲಿಲ್ಲವೇ? ಹೇಗೆ ಗುರುತಿಸಲಿಲ್ಲ? ಆ ಹಲಗೆಯನ್ನು ಯಾರೂ ಓದುವುದಿಲ್ಲ ಎಂಬುದು ನನಗೆ ಅಷ್ಟು ಖಚಿತವಾಗಿತ್ತು.

‘ನನಗೆ’ ಎಂದೆ. ಹೌದು. ಹಲಗೆಯ ಮಾತು ಬಂದ ಮೇಲೆ ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆ ಶಿಕ್ಷಕಿ ನಾನೇ.

ಮಾರನೆಯ ದಿನ ತರಗತಿಯ ಎದುರು ಕ್ಷಮೆ ಕೇಳಿದೆ. ಆ ಕಾಲದಲ್ಲಿ ಮಕ್ಕಳ ಮುಂದೆ ಕ್ಷಮೆ ಕೇಳುವ ಮೇಷ್ಟ್ರುಗಳು ಹೆಚ್ಚಿರಲಿಲ್ಲ. ನನಗೆ ಅದರ ಬಗ್ಗೆ ಒಳಗೊಳಗೆ ಹೆಮ್ಮೆಯೂ ಇತ್ತು. ಪ್ರಬಂಧ ನಿನ್ನದೇ, ನಾನು ತಪ್ಪು ತಿಳಿದೆ, ನಿಲ್ಲಿಸಬಾರದಿತ್ತು, ಕ್ಷಮಿಸು ಎಂದೆ. ಅವಳು ಎದ್ದು ನಿಂತು, ಜಗಳವಾಡುವ ದನಿಯಲ್ಲಲ್ಲ, ಹಾಜರಿ ಹೇಳುವ ದನಿಯಲ್ಲಿ ಹೇಳಿದಳು: ‘ಕೇಳುದ್ರಿ ಮಿಸ್. ನಾನ್ ಬುಡಾಕಿಲ್ಲ.’

ಅಷ್ಟೇ. ಆವತ್ತಿನಿಂದ ಮಾರ್ಚ್‌ವರೆಗೆ, ಐದು ತಿಂಗಳು, ನಾನು ತರಗತಿಗೆ ಬಂದರೆ ನಲವತ್ತೊಂದು ಮಕ್ಕಳು ಏಳುತ್ತಿದ್ದರು, ಎರಡನೆಯ ಬೆಂಚಿನಲ್ಲಿ ಅವಳು ಕೂತೇ ಇರುತ್ತಿದ್ದಳು. ಉಳಿದದ್ದೆಲ್ಲ ಸರಿ. ಕೇಳಿದರೆ ಉತ್ತರ ಹೇಳುತ್ತಿದ್ದಳು, ಮನೆಗೆಲಸ ಬಿಡುತ್ತಿರಲಿಲ್ಲ, ಬೇರೆ ಮೇಷ್ಟ್ರು ಬಂದರೆ ಎಲ್ಲರಿಗಿಂತ ಮೊದಲು ಏಳುತ್ತಿದ್ದಳು. ಪರೀಕ್ಷೆಯಲ್ಲಿ ಇಂಗ್ಲಿಷ್‌ಗೆ ನೂರಕ್ಕೆ ತೊಂಬತ್ತೊಂದು ತೆಗೆದಳು. ಆ ವರ್ಷ ಶಾಲೆಗೇ ಹೆಚ್ಚು.

ಜೂನ್‌ನಲ್ಲಿ ಟಿ.ಸಿ. ಬರೆಯುವ ಕೆಲಸ. ಅಕ್ಷರ ಚೆನ್ನಾಗಿದೆ ಎಂದು ಎಲ್ಲವನ್ನೂ ನನ್ನಿಂದಲೇ ಬರೆಸುತ್ತಿದ್ದರು. ನಡತೆ ಎಂಬ ಕಾಲಂ ಇರುತ್ತದಲ್ಲ, ಅಲ್ಲಿ ಎಲ್ಲರಿಗೂ ‘ಗುಡ್’. ಕಿಟಕಿ ಗಾಜು ಒಡೆದವನಿಗೂ ಗುಡ್, ನೀರಿನ ಟ್ಯಾಂಕಿಗೆ ಕಪ್ಪೆ ಹಾಕಿದವನಿಗೂ ಗುಡ್. ಆ ಹುಡುಗ ಈಗ ಮೂರನೆಯ ಸಾಲಿನಲ್ಲಿ ಗಂಭೀರವಾಗಿ ಕೂತಿದ್ದಾನೆ. ಆ ಸವೆದ ಪದವನ್ನು ಬರೆದೂ ಬರೆದೂ ನನಗೆ ಅಸಹ್ಯವಾಗಿತ್ತು. ಅವಳ ಸರದಿ ಬಂದಾಗ ನಾನು ‘ಇಂಪ್ಲ್ಯಾಕಬಲ್’ ಎಂದು ಬರೆದೆ. ಎಂಬತ್ತನಾಲ್ಕು ಪತ್ರಗಳಿದ್ದವು, ಆಗಿನ ಮುಖ್ಯ ಶಿಕ್ಷಕರು ಓದದೆ ಸಹಿ ಹಾಕಿದರು.

ಕೆಟ್ಟ ಪದ ಬರೆದೆ ಎಂದು ನನಗೆ ಅನಿಸಲಿಲ್ಲ. ನಿಖರವಾದ ಪದ ಬರೆದೆ ಎನಿಸಿತು.

ಹತ್ತು ದಿನದ ಮೇಲೆ ಅವಳ ಅಪ್ಪ ಬಂದರು. ಪುಟ್ಟಮಾದಯ್ಯ. ಕುರಿಗೆ ಹೆಸರಾದ ಊರಿನವರು. ಕುರಿಗೆ ಹೆಸರಾದ ಊರು ಎಂದರೆ ನಿಮಗೆ ಬೇರೆ ಹೇಳಬೇಕಾಗಿಲ್ಲ, ಬಂಡೂರು. ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಟಿ.ಸಿ. ಇತ್ತು. ಸಿಬ್ಬಂದಿ ಕೊಠಡಿಯ ಬಾಗಿಲಲ್ಲೇ ನಿಂತರು, ಕೂರಿ ಎಂದರೂ ಕೂರಲಿಲ್ಲ.

‘ಮೇಡಮ್ಮೋರೇ, ಇದ್ರಾಗೆ ಏನೋ ಬರ್ದಿದ್ದೀರಂತೆ. ಮಂಡ್ಯದ ಕಾಲೇಜಲ್ಲಿ ಮೂರ್ ಜನ ಸೇರ್ಕಂಡು ಅರ್ಥದ್ ಪುಸ್ತಕ ತೆಗ್ದು ನೋಡುದ್ರು. ನೋಡ್ಬುಟ್ಟು ನನ್ ಮಗೀನ ಕಾಲಿಂದ ತಲೆಗಂಟ ನೋಡುದ್ರು.’

‘ಏನಂದರು?’

‘ಏನೂ ಅನ್ನಿಲ್ಲ. ಬ್ಯಾರೆ ಟೀಸಿ ತಗಬನ್ನಿ, ಆಮೇಲ್ ಮಾತಾಡಾವ ಅಂದ್ರು. ಏನ್ ಮಾಡುದ್ಲು ಯೇಳಿ ನಮ್ ಚಂದನ? ಕದ್ಲಾ? ಯಾರ್ಗಾನ ಒಡುದ್ಲಾ?’

ಹೆಸರು ಬಾಯಿಗೆ ಬಂದುಬಿಟ್ಟಿತು. ಬೇಡ ಎಂದಿದ್ದೆ. ಬಂದದ್ದಾಯಿತು.

‘ಇದು ಕೆಟ್ಟ ಪದ ಅಲ್ಲ ಪುಟ್ಟಮಾದಯ್ಯನವರೇ, ಸರಿಯಾದ ಪದ’ ಎಂದೆ.

‘ಸರಿಯಾಗೇ ಇರ್ಬೋದು ಕಣವ್ವ. ನಾನೇನ್ ಓದ್ದೋನಾ. ಅವ್ಳು ಅಂಗೇಯ. ನಾನ್ ಒಂದ್ ಏಟು ಒಡುದ್ದುಕ್ಕೆ ಮೂರ್ ತಿಂಗ್ಳು ಮಾತ್ ಬುಟ್ಟಿದ್ಲು. ಆದ್ರೆ ನಾವು ಕುರಿ ಮಾರಕ್ ಓಗ್ಬೇಕಾರೆ, ಇದು ಗುಮ್ಮುತದೆ ಅಂತ ಕತ್ತುಗೆ ಚೀಟಿ ಕಟ್ಟಿ ಕಳುಸ್ತೀವಾ? ಕೊಂಡೋನು ನೋಡ್ಕತಾನೆ, ಅವುನ್ ಪಾಡು ಕುರಿ ಪಾಡು.’

ಪಕ್ಕದ ಮೇಜಿನವರು ನಕ್ಕರು. ನಾನು ನಗಲಿಲ್ಲ. ದಾಖಲೆಯನ್ನು ಸುಮ್ಮನೆ ತಿದ್ದಲಾಗದು ಎಂದೆ. ಮುಖ್ಯ ಶಿಕ್ಷಕರ ಹತ್ತಿರ ಹೋದರು. ಅವರು ಒಳ್ಳೆಯವರು. ‘ಶಮೀಮ್ ಮೇಡಂ ತಪ್ಪಾಗಿ ಬರೆದೆ ಅಂತ ಒಂದು ಸಾಲು ಬರೆದುಕೊಡಲಿ, ಈಗಲೇ ಬೇರೆ ಕೊಡುತ್ತೇನೆ’ ಎಂದರು. ತಪ್ಪಾಗಿ ಬರೆದಿಲ್ಲವಲ್ಲ, ಹೇಗೆ ಬರೆದುಕೊಡಲಿ ಎಂದೆ. ಅವಳನ್ನೇ ಕಳಿಸಿ, ಅವಳು ಬಂದು ಕೇಳಲಿ ಎಂದೆ.

‘ಅವ್ಳು ಬರಾಕಿಲ್ಲ’ ಎಂದರು ಪುಟ್ಟಮಾದಯ್ಯ. ‘ಬರ್ದೋರೇ ಅಳುಸ್ಬೇಕು, ನಾನ್ ಕೇಳಾಕಿಲ್ಲ ಅಂದವ್ಳೆ.’

ಹೊರಡುವಾಗ ಮೆಟ್ಟಿಲ ಹತ್ತಿರ ತಿರುಗಿ, ‘ನೀವು ನಿಜಾಮುದ್ದೀನ್ ಸಾಬ್ರ ಮಗ್ಳಲ್ವಾ?’ ಎಂದರು. ಹೌದು ಎಂದೆ. ನಮ್ಮಪ್ಪ ಈ ಊರಿನಲ್ಲಿ ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುತ್ತಿದ್ದರು, ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ‘ನಮ್ ಮೋಟ್ರಿನ್ ತಂತಿ ಮೂರ್ ಸಲ ಸುತ್ಕೊಟ್ಟವ್ರೆ. ಮೂರ್ ಸಲಾನೂ ನಂದೇ ತಪ್ಪು, ನೀರಿಲ್ದೆ ಓಡ್ಸಿ ಸುಟ್ಟಿದ್ದೆ. ಯಾಕ್ ಸುಟ್ಟೆ ಅಂತ ಒಂದ್ ದಿನಾನೂ ಕೇಳ್ನಿಲ್ಲ ಆ ಪುಣ್ಯಾತ್ಮ’ ಎಂದರು. ವ್ಯಂಗ್ಯಕ್ಕೆ ಹೇಳಿದ್ದಲ್ಲ. ನೆನಪಾಯಿತು, ಹೇಳಿದರು. ಅವರು ಇನ್ನೊಮ್ಮೆ ಬಂದಾಗ ನಾನು ರಜೆಯಲ್ಲಿದ್ದೆ. ಮೂರನೆಯ ಸಲ ಬರುವ ಹೊತ್ತಿಗೆ ಕಾಲೇಜಿನ ದಾಖಲಾತಿ ಮುಗಿದಿತ್ತು.

ಎಲ್ಲಕ್ಕೂ ನಾನೇ ಕಾರಣ ಎಂದು ಹೇಳುವುದಿಲ್ಲ. ಅದೂ ಒಂದು ಬಗೆಯ ಜಂಬ. ಆ ವರ್ಷ ಅವಳು ಕಾಲೇಜಿಗೆ ಸೇರದಿದ್ದುದಕ್ಕೆ ನಾನು ಕಾರಣ. ಮರುವರ್ಷ ಅವಳ ತಾಯಿ ಹಾಸಿಗೆ ಹಿಡಿದರು ಎಂದು ಕೇಳಿದೆ, ಅದಕ್ಕೆ ನಾನು ಕಾರಣಳಲ್ಲ. ಆಮೇಲಿನದು ನನಗೆ ಗೊತ್ತಿಲ್ಲ. ಸೋಮವಾರದ ಅರ್ಜಿಯಲ್ಲಿ ‘ವಿದ್ಯಾರ್ಹತೆ: ಎಸ್.ಎಸ್.ಎಲ್.ಸಿ.’ ಎಂದು ಬರೆದಿದ್ದಾಳೆ. ಇಷ್ಟೇ ಗೊತ್ತು. ಆ ಒಂದು ಸಾಲನ್ನು ನಾನು ಬಹಳ ಹೊತ್ತು ನೋಡಿದೆ.

ಸಭಿಕರೇ, ನಾನು ಇಷ್ಟು ಹೊತ್ತು ಒಂದು ಮಾತನ್ನು ಬಿಟ್ಟು ಹೇಳುತ್ತಾ ಬಂದಿದ್ದೇನೆ. ಬಿಟ್ಟದ್ದು ಗೊತ್ತಿದ್ದೇ ಬಿಟ್ಟೆ. ಹದಿನಾರು ವರ್ಷ ನನಗೆ ನಾನು ಈ ಕಥೆ ಹೇಳಿಕೊಳ್ಳುವಾಗಲೂ ಹೀಗೇ ಬಿಟ್ಟಿದ್ದೇನೆ. ಪ್ರಬಂಧದ ದಿನ ‘ನಾನೇ ಬರ್ದೆ ಮಿಸ್’ ಎಂದು ಅವಳು ಹೇಳಿದಾಗ, ನಾನು ಇಡೀ ತರಗತಿಯ ಎದುರು, ದನಿ ಏರಿಸದೆ, ‘ಕುರಿ ಕಾಯುವವರ ಮನೆಗೆ ಇಂಥ ಇಂಗ್ಲಿಷ್ ಎಲ್ಲಿಂದ ಬರುತ್ತದೆ?’ ಎಂದಿದ್ದೆ.

ಕೆಲವರು ನಕ್ಕಿದ್ದರು. ನಕ್ಕವರೂ ಕುರಿ ಕಾಯುವವರ, ಗದ್ದೆ ಗೇಯುವವರ ಮಕ್ಕಳೇ. ಹೇಳಿದವಳು ಮೋಟರ್ ರಿಪೇರಿಯವರ ಮಗಳು.

ನೋಟುಬುಕ್ ಸಿಕ್ಕಿದ ಮಾರನೆಯ ದಿನದ ಅವಳ ಉತ್ತರವನ್ನೂ ನಾನು ಪೂರ್ತಿ ಹೇಳಲಿಲ್ಲ. ನಾನು ಕ್ಷಮೆ ಕೇಳಿದಾಗ ಅವಳು ಮೊದಲು, ‘ಪ್ರಬಂಧುಕ್ಕೂ ಅಲ್ಲ, ನಿಲ್ಸಿದ್ದುಕ್ಕೂ ಅಲ್ಲ ಮಿಸ್’ ಎಂದಳು. ಮತ್ಯಾವುದಕ್ಕೆ ಎಂದೆ. ‘ನಿಮ್ಗೇ ಗೊತ್ತು’ ಎಂದಳು. ನನಗೆ ಗೊತ್ತಿತ್ತು. ಹೇಳಲಿ ಎಂದು ಅವಳು ಕಾದಳು. ನಾನು ಹೇಳಲಿಲ್ಲ, ‘ಕ್ಷಮಿಸು ಎಂದು ಕೇಳಿದೆನಲ್ಲ’ ಎಂದೆ. ಅದಕ್ಕೆ ಬಂದ ಉತ್ತರ ನೀವು ಕೇಳಿದ್ದು.

ಪದಗಳ ವಿಷಯದಲ್ಲಿ ಇಷ್ಟು ನಿಖರವಾಗಿದ್ದವಳು ಕ್ಷಮೆ ಕೇಳುವಾಗ ನಿಖರವಾಗಿರಲಿಲ್ಲ. ಮಾಡಿದ ಎರಡು ಸಣ್ಣ ತಪ್ಪಿಗೆ ಕೇಳಿ, ದೊಡ್ಡದನ್ನು ಅದರ ಮರೆಯಲ್ಲಿ ದಾಟಿಸಿಬಿಡೋಣ ಎಂದುಕೊಂಡೆ. ಹದಿನೈದು ವರ್ಷದ ಹುಡುಗಿ ದಾಟಲು ಬಿಡಲಿಲ್ಲ. ಅವಳು ಕೇಳದ್ದನ್ನು ಕೊಟ್ಟು, ಅವಳು ತೆಗೆದುಕೊಳ್ಳಲಿಲ್ಲ ಎಂದು ಅವಳಿಗೆ ಹೆಸರಿಟ್ಟೆ. ಹೆಸರಿಟ್ಟದ್ದು ಎಲ್ಲಿ? ಅವಳು ಹೋದಲ್ಲೆಲ್ಲ ತೋರಿಸಬೇಕಾದ ಕಾಗದದಲ್ಲಿ. ಹಾಗಾದರೆ ಆ ಪದ ಯಾರದು? ದೂರದ ದೇಶದ ಕಾದಂಬರಿಗಳಲ್ಲಿ ಹಟ ಬಿಡದ ಹೆಣ್ಣುಮಕ್ಕಳಿಗಾಗಿ ನಾನು ಅತ್ತಿದ್ದೇನೆ, ಪುಟ ಮಡಿಸಿಟ್ಟು ಅತ್ತಿದ್ದೇನೆ. ಎರಡನೆಯ ಬೆಂಚಿನಲ್ಲಿದ್ದವಳಿಗೆ ಎದ್ದು ನಿಲ್ಲಲಿಲ್ಲ ಎಂದು ಶಿಕ್ಷೆ ಕೊಟ್ಟೆ.

ಅರ್ಜಿಯಲ್ಲಿ ಅವಳು ಪದ ಬದಲಿಸಿ ಎಂದು ಕೇಳಿಲ್ಲ. ಇದನ್ನು ನೀವು ಗಮನಿಸಬೇಕು. ಅಂಗನವಾಡಿ ಕೆಲಸ ಅವಳಿಗೆ ಬೇಕು, ಆ ಪದ ಇದ್ದರೆ ಯಾರಾದರೊಬ್ಬರು ನಿಘಂಟು ತೆಗೆದು ನೋಡುತ್ತಾರೆ ಎಂದು ಗೊತ್ತು. ಆದರೂ ‘ಯಥಾಪ್ರತಿ’ ಎಂದು ಬರೆದಿದ್ದಾಳೆ, ಕೆಳಗೆ ‘ತಮ್ಮ ವಿಶ್ವಾಸಿ’ ಎಂದಿಲ್ಲ, ಬರೀ ಸಹಿ. ಯತೀಶ್ ಹೇಳಿದ ಹಾಗೆ ಸದ್ದಿಲ್ಲದೆ ಗುಡ್ ಎಂದು ಬರೆದುಕೊಡಬಹುದಿತ್ತು. ಪುಸ್ತಕದಲ್ಲಿ ಒಂದು, ಪ್ರತಿಯಲ್ಲಿ ಒಂದು. ನಾಳೆ ಯಾರಾದರೂ ತಾಳೆ ನೋಡಿದರೆ ಸುಳ್ಳು ಪತ್ರ ತಂದಳು ಎಂಬ ಮಾತೂ ಅವಳ ತಲೆಗೇ. ಪುಸ್ತಕದಲ್ಲೇ ತಿದ್ದಬೇಕಾದರೆ ಕಾರಣ ಬರೆಯಬೇಕು. ಕಾರಣ ಬರೆದರೆ ಅದು ನಾನು ಸತ್ತ ಮೇಲೂ ಈ ಶಾಲೆಯ ಬೀರುವಿನಲ್ಲಿ ಇರುತ್ತದೆ. ನಾಲ್ಕು ದಿನದಿಂದ ನಾನು ಹಿಂದೆಮುಂದೆ ನೋಡುತ್ತಿರುವುದು ಇದಕ್ಕೇ, ದಾಖಲೆಯ ಪಾವಿತ್ರ್ಯಕ್ಕಲ್ಲ. ನಾಳೆ ಹನ್ನೆರಡು ಗಂಟೆಯ ಮೇಲೆ ತಿದ್ದುವ ಅಧಿಕಾರ ಇರುವ ರೂಪ ಅವರಿಗೆ ಕಾರಣ ಬರೆಯಲು ಆಗುವುದಿಲ್ಲ, ಕಾರಣ ಬರೆಯಬಲ್ಲ ನನಗೆ ಅಧಿಕಾರ ಇರುವುದಿಲ್ಲ.

ನನಗೆ ದಣಿವಾಗಿದೆ. ಮೂವತ್ತೊಂದು ವರ್ಷ ಪಾಠ ಮಾಡಿದ ದಣಿವಲ್ಲ. ಸರಿಯಾಗಿಯೇ ಇರಬೇಕೆಂಬ ಹಟವನ್ನು ಹೊತ್ತು ನಡೆದ ದಣಿವು. ನಾನು ಅಸಹ್ಯಪಡುತ್ತಿದ್ದ ಆ ಸವೆದ ‘ಗುಡ್’ ಎಂಬ ಪದದ ಬೆಲೆ ನನಗೆ ಈ ವಾರ ತಿಳಿಯಿತು. ಅದರ ಮೇಲೆ ಯಾವ ಗುಮಾಸ್ತರ ಕಣ್ಣೂ ನಿಲ್ಲುವುದಿಲ್ಲ. ಅದು ಮಕ್ಕಳನ್ನು ಸುಮ್ಮನೆ ಮುಂದೆ ಹೋಗಲು ಬಿಡುತ್ತದೆ.

ಆದ್ದರಿಂದ ನಾನು ತೀರ್ಮಾನಿಸಿರುವುದನ್ನು ನಿಮ್ಮೆಲ್ಲರ ಎದುರು ಹೇಳುತ್ತಿದ್ದೇನೆ. ಇಷ್ಟು ಜನ ಕೇಳಿಸಿಕೊಂಡ ಮೇಲೆ ನಾನು ಹಿಂದೆಗೆಯುವುದು ಕಷ್ಟವಾಗಲಿ ಎಂದು. ನಾಳೆ ಶನಿವಾರ, ಬೆಳಗಿನ ಶಾಲೆ. ಎಂಟು ಗಂಟೆಗೆ ಯತೀಶ್ ಅವರಿಂದ ಪುಸ್ತಕ ತರಿಸುತ್ತೇನೆ. ಕೆಂಪು ಶಾಯಿಯಲ್ಲಿ ಆ ಪದವನ್ನು ಹೊಡೆದು ಪಕ್ಕದಲ್ಲಿ ‘ಗುಡ್’ ಎಂದು ಬರೆಯುತ್ತೇನೆ. ಷರಾ ಜಾಗದಲ್ಲಿ, ‘ಮೂಲ ನಮೂದು ತರಗತಿ ಶಿಕ್ಷಕಿ ಶಮೀಮ್ ಬಾನು ಮನಸ್ತಾಪದಿಂದ ಬರೆದದ್ದು, ವಿದ್ಯಾರ್ಥಿನಿಯ ನಡತೆಯಲ್ಲಿ ದೋಷವಿರಲಿಲ್ಲ’ ಎಂದು ಬರೆದು ಸಹಿ ಮಾಡುತ್ತೇನೆ. ಅಧಿಕಾರ ವಹಿಸಿಕೊಟ್ಟ ಮೇಲೆ ಆ ಪ್ರತಿಯನ್ನು ತೆಗೆದುಕೊಂಡು ಬಂಡೂರಿಗೆ ಹೋಗುತ್ತೇನೆ. ಅಂಚೆಗೆ ಹಾಕುವುದಿಲ್ಲ. ಹದಿನಾರು ವರ್ಷದ ಹಿಂದೆ ತರಗತಿಯಲ್ಲಿ ಆಡಿದ ಆ ಒಂದು ವಾಕ್ಯವನ್ನು ಇದ್ದದ್ದು ಇದ್ದ ಹಾಗೆ ಅವಳ ಎದುರು ಹೇಳಿ, ಇದನ್ನು ಆಡಿದ್ದು ನಾನು, ಇದು ತಪ್ಪು ಎನ್ನುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಮತ್ತೆ ಅವಳ ಮೇಲೆ ಒಂದು ಕೆಲಸ ಹೊರಿಸಿದ ಹಾಗೆ. ಬಿಡುವುದೂ ಬಿಡದಿರುವುದೂ ಅವಳಿಗೆ ಸೇರಿದ್ದು, ಅದಕ್ಕೆ ಹೆಸರಿಡುವ ಹಕ್ಕು ನನಗಿಲ್ಲ.

ನೀವು ಕೊಟ್ಟ ಶಾಲಿಗೆ, ಹಾರಕ್ಕೆ, ಒಳ್ಳೆಯ ಮಾತುಗಳಿಗೆ, ಅವುಗಳಿಗೆ ನಾನು ಅರ್ಹಳೇ ಎಂದು ಕೇಳದೆ ಕೊಟ್ಟದ್ದಕ್ಕೆ, ನಾನು ಕೃತಜ್ಞಳು. ನಾಳೆ ಹನ್ನೆರಡು ಗಂಟೆಯವರೆಗೆ ನಾನು ಈ ಶಾಲೆಯ ಮುಖ್ಯ ಶಿಕ್ಷಕಿ. ಎಲ್ಲರಿಗೂ ನಮಸ್ಕಾರ.